ಇಡುವ ಕ್ರಮ, ಕೇಳುವ ಸ್ವಾತಂತ್ರ್ಯ



ಮಾಹಿತಿಯನ್ನು ಕೂಡಿಡುವುದು ಕಷ್ಟದ ಕೆಲಸವಲ್ಲ. ಬಂದದ್ದನ್ನೆಲ್ಲ ಬಂದ ಹಾಗೆಯೇ ಒಂದರ ಕೆಳಗೊಂದು ಬರೆಯುತ್ತ ಹೋದರೆ ಸಂಗ್ರಹ ತಾನಾಗಿ ಬೆಳೆಯುತ್ತದೆ. ಕಷ್ಟ ಶುರುವಾಗುವುದು ಯಾರಾದರೂ ಬಂದು ಅದರಿಂದ ಏನನ್ನಾದರೂ ಕೇಳಿದಾಗ. ಬರೆದಿಟ್ಟವನಿಗೆ ಮುಂದೆ ಬರಲಿರುವ ಪ್ರಶ್ನೆಗಳೆಲ್ಲ ಗೊತ್ತಿರುವುದಿಲ್ಲ. ಎಷ್ಟೋ ಸಲ ಕೇಳಬೇಕಾದವರು ಇನ್ನೂ ಹುಟ್ಟಿಯೇ ಇರುವುದಿಲ್ಲ. ಆದರೂ ಇಡುವಾಗ ಯಾವುದೋ ಒಂದು ಕ್ರಮದಲ್ಲಿ ಇಡಲೇಬೇಕು. ಆ ಕ್ರಮ ಕೆಲವು ಪ್ರಶ್ನೆಗಳಿಗೆ ಬಾಗಿಲು ತೆರೆಯುತ್ತದೆ, ಕೆಲವನ್ನು ಹೊರಗೆ ನಿಲ್ಲಿಸುತ್ತದೆ. ಕಳೆದ ಅರುವತ್ತು ವರ್ಷಗಳಲ್ಲಿ ಬೆಳೆದ ಡೇಟಾಬೇಸ್ ಶಾಸ್ತ್ರ ಈ ಇಕ್ಕಟ್ಟಿಗೆ ಒಂದು ಉತ್ತರ ಕೊಟ್ಟಿದೆ. ಮಾಹಿತಿಯ ಅರ್ಥ ಬೇರೆ, ಅದನ್ನು ಯಂತ್ರದಲ್ಲಿ ಜೋಡಿಸುವ ಬಗೆ ಬೇರೆ. ಇವೆರಡನ್ನು ಬಿಡಿಸಿಟ್ಟರೆ ಮಾತ್ರ ಕೇಳುವವರಿಗೆ ಸ್ವಾತಂತ್ರ್ಯ ಉಳಿಯುತ್ತದೆ ಎಂಬುದೇ ಆ ಉತ್ತರ. ಇದನ್ನು ಸಮರ್ಥಿಸುವುದು, ಇದರ ಮೇಲಿರುವ ಆಕ್ಷೇಪಗಳನ್ನು ಎದುರಿಸುವುದು ಈ ಉಪನ್ಯಾಸದ ಉದ್ದೇಶ.

ತತ್ತ್ವ ಗಾಳಿಯಲ್ಲಿ ತೇಲಬಾರದು ಎಂಬ ಕಾರಣಕ್ಕೆ ನಮ್ಮ ರಾಜ್ಯದ್ದೇ ಒಂದು ಸಂಗ್ರಹವನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅವು ಸುಮಾರು 67 ಲಕ್ಷ ರೈತರಿಗೆ ಸೇರಿದವು ಎಂದು ಆ ಕಾಲದ ವರದಿಗಳು ಹೇಳುತ್ತವೆ. ಅದಕ್ಕೆ ಮೊದಲು ಆ ದಾಖಲೆಗಳು ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಪುಸ್ತಕಗಳಲ್ಲಿ ಹಂಚಿಹೋಗಿದ್ದವು. ಪುಸ್ತಕದ ಕ್ರಮ ಸರ್ವೆ ನಂಬರಿನದು. ಇಂಥ ಊರಿನ ಇಂಥ ಸರ್ವೆ ನಂಬರಿನ ಜಮೀನು ಯಾರದು ಎಂದು ಕೇಳಿದರೆ ಪುಟ ತಿರುವಿ ಹೇಳಬಹುದಿತ್ತು. ಇಂಥ ವ್ಯಕ್ತಿಯ ಹೆಸರಿನಲ್ಲಿ ತಾಲ್ಲೂಕಿನ ಎಲ್ಲ ಊರುಗಳಲ್ಲಿ ಒಟ್ಟು ಎಷ್ಟು ಜಮೀನಿದೆ ಎಂದು ಕೇಳಿದರೆ ಊರೂರಿನ ಪುಸ್ತಕ ತೆಗೆಸಬೇಕಿತ್ತು. ಎರಡೂ ಪ್ರಶ್ನೆಗಳ ಉತ್ತರ ಅದೇ ಕಾಗದಗಳಲ್ಲಿತ್ತು. ಒಂದಕ್ಕೆ ಕ್ರಮದ ಬೆಂಬಲವಿತ್ತು, ಇನ್ನೊಂದಕ್ಕೆ ಇರಲಿಲ್ಲ. ದಾಖಲೆ ಇದ್ದೂ ಸಿಗದಿರುವುದು ಮತ್ತು ದಾಖಲೆಯೇ ಇಲ್ಲದಿರುವುದು, ಕೇಳಲು ಬಂದ ರೈತನ ಪಾಲಿಗೆ ಹೆಚ್ಚುಕಡಿಮೆ ಒಂದೇ.

ಯಂತ್ರಕ್ಕೆ ಬಂದ ಮೇಲೆ ಈ ತೊಂದರೆ ತಾನಾಗಿ ಹೋಗಬೇಕಲ್ಲವೆ? ಹೋಗುವುದಿಲ್ಲ, ಕಾರಣ ಯಂತ್ರದ ಮೈಕಟ್ಟಿನಲ್ಲೇ ಇದೆ. 1956ರಲ್ಲಿ ಐಬಿಎಂ ತಂದ ರಾಮ್ಯಾಕ್ ಯಂತ್ರದಲ್ಲಿ ಐವತ್ತು ತಟ್ಟೆಗಳ ಡಿಸ್ಕ್ ಇತ್ತು, ಅದರಲ್ಲಿ ಸುಮಾರು 50 ಲಕ್ಷ ಅಕ್ಷರಗಳು ಹಿಡಿಯುತ್ತಿದ್ದವು. ಟೇಪಿನಂತೆ ಮೊದಲಿನಿಂದ ಸುತ್ತದೆ ಬೇಕಾದ ಜಾಗಕ್ಕೆ ನೇರವಾಗಿ ಹೋಗುವ ಅನುಕೂಲ ಅದರಿಂದ ದೊರೆಯಿತು. ಆದರೆ ಹಾಗೆ ಹೋಗುವುದಕ್ಕೆ ಸಮಯ ಬೇಕು. ನಿಮಿಷಕ್ಕೆ 7,200 ಸುತ್ತು ಹಾಕುವ ಇಂದಿನ ಡಿಸ್ಕಿನಲ್ಲೂ ಬೇಕಾದ ಭಾಗ ಓದುವ ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು; ಮೊನೆ ಸರಿಯಾದ ಪಥಕ್ಕೆ ಸರಿಯುವ ಹೊತ್ತನ್ನೂ ಸೇರಿಸಿದರೆ ಹತ್ತು ಮಿಲಿಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಪ್ರೊಸೆಸರ್ ಕೋಟಿಗಟ್ಟಲೆ ಹೆಜ್ಜೆಗಳ ಲೆಕ್ಕ ಮಾಡಿ ಮುಗಿಸಬಲ್ಲದು. ಆದ್ದರಿಂದ ಒಮ್ಮೆ ಹೋದಾಗ ಒಂದು ದಾಖಲೆಯನ್ನಷ್ಟೇ ತರುವುದು ದುಂದು. ಡೇಟಾಬೇಸ್‌ಗಳು ‘ಪುಟ’ಗಳ ಲೆಕ್ಕದಲ್ಲಿ ಓದುತ್ತವೆ: ಪೋಸ್ಟ್‌ಗ್ರೆಸ್‌ನಲ್ಲಿ ಪುಟವೊಂದು ಸಾಮಾನ್ಯವಾಗಿ 8 ಕಿಲೋಬೈಟ್, ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯಲ್ಲಿ 16. ಒಟ್ಟಿಗೆ ಬೇಕಾಗುವುದನ್ನು ಒಂದೇ ಪುಟದಲ್ಲಿ ಇಡಬೇಕು, ತೆರೆಯುವ ಪುಟಗಳ ಸಂಖ್ಯೆ ಕಡಿಮೆ ಮಾಡಬೇಕು. ಸಂಗ್ರಹ ವಿನ್ಯಾಸದ ಮುಕ್ಕಾಲು ಪಾಲು ಜಾಣತನ ಈ ಎರಡು ಮಾತುಗಳ ವಿಸ್ತರಣೆ.

ಪುಟ ತೆರೆಯುವುದನ್ನು ಕಡಿಮೆ ಮಾಡಿದ ಸಾಧನಗಳಲ್ಲಿ ಬಿ-ಟ್ರೀ ಎಂಬ ಸೂಚಿಗೆ (ಇಂಡೆಕ್ಸ್) ಮೊದಲ ಮಣೆ. ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಸುಮಾರಿಗೆ ಇದನ್ನು ರೂಪಿಸಿ, 1972ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಲೆಕ್ಕ ಸರಳ. ಸೂಚಿಯ ಒಂದು ಪುಟದಲ್ಲಿ 500 ದಾರಿಗಳನ್ನು ಬರೆಯಬಹುದು ಎಂದಿಟ್ಟುಕೊಳ್ಳೋಣ. ಮೊದಲ ಪುಟದಿಂದ 500 ಪುಟಗಳಿಗೆ, ಅಲ್ಲಿಂದ ಎರಡೂವರೆ ಲಕ್ಷ ಪುಟಗಳಿಗೆ, ಅಲ್ಲಿಂದ ಹನ್ನೆರಡೂವರೆ ಕೋಟಿ ದಾಖಲೆಗಳಿಗೆ ದಾರಿ. 2 ಕೋಟಿ ಪಹಣಿಗಳಲ್ಲಿ ಯಾವುದನ್ನು ಕೇಳಿದರೂ ಸೂಚಿಯ ಮೂರು ಪುಟ ಓದಿದರೆ ಅದಿರುವ ಜಾಗ ಗೊತ್ತಾಗುತ್ತದೆ. ಸೂಚಿಯೇ ಇಲ್ಲದಿದ್ದರೆ? ಪಹಣಿಗೆ ಒಂದು ಕಿಲೋಬೈಟ್ ಎಂದುಕೊಂಡರೂ ಒಟ್ಟು 20 ಗಿಗಾಬೈಟ್. ಸೆಕೆಂಡಿಗೆ 150 ಮೆಗಾಬೈಟಿನಂತೆ ಓದುವ ಡಿಸ್ಕಿಗೆ ಎರಡು ನಿಮಿಷಕ್ಕೂ ಹೆಚ್ಚು ಬೇಕು, ಅದೂ ಒಬ್ಬರ ಒಂದು ಪ್ರಶ್ನೆಗೆ. ಬಿ-ಟ್ರೀಯ ಇನ್ನೊಂದು ಗುಣ ಇದಕ್ಕಿಂತ ಸೂಕ್ಷ್ಮವಾದದ್ದು. ಪುಟ ತುಂಬಿದರೆ ಅದು ಎರಡಾಗಿ ಒಡೆಯುತ್ತದೆ, ನಡುವಿನ ನಮೂದು ಮೇಲಿನ ಪುಟಕ್ಕೆ ಏರುತ್ತದೆ. ಅದೂ ತುಂಬಿದರೆ ಒಡೆತ ಇನ್ನೂ ಮೇಲಕ್ಕೆ ಹೋಗುತ್ತದೆ. ಈ ಮರದ ಎತ್ತರ ಹೆಚ್ಚುವುದು ಎಲೆಯ ತುದಿಯಲ್ಲಿ ಅಲ್ಲ, ಬೇರಿನ ಕಡೆಯಿಂದ. ಹೀಗಾಗಿ ಎಲ್ಲ ಎಲೆಗಳೂ ಬೇರಿನಿಂದ ಸಮದೂರದಲ್ಲೇ ಉಳಿಯುತ್ತವೆ. ಬೀದರಿನ ಪಹಣಿಗೂ ಚಾಮರಾಜನಗರದ ಪಹಣಿಗೂ ಒಂದೇ ಹೆಜ್ಜೆಲೆಕ್ಕ. ಎಲೆಗಳು ಕ್ರಮದಲ್ಲಿ ಇರುವುದರಿಂದ ಸರ್ವೆ ನಂಬರ್ 40ರಿಂದ 60ರವರೆಗೆ ಎಂಬಂಥ ಪ್ರಶ್ನೆಗೂ ಸಾಲಾಗಿ ಉತ್ತರ ಬರುತ್ತದೆ. ನಂಬರಿನಿಂದಲೇ ಜಾಗವನ್ನು ಲೆಕ್ಕಹಾಕುವ ಹ್ಯಾಷ್ ವಿಧಾನ ಒಂದು ನಿರ್ದಿಷ್ಟ ನಂಬರನ್ನು ಬೇಗ ಕೊಡಬಲ್ಲದು, ಇಂಥ ವ್ಯಾಪ್ತಿಯನ್ನು ಕೊಡಲಾರದು.

ಆದರೆ ಸೂಚಿಗೂ ಒಂದು ಮುಖವಿದೆ, ಅದು ಒಂದೇ ದಿಕ್ಕಿಗೆ ನೋಡುತ್ತದೆ. ಪಹಣಿಯನ್ನು ಗುರುತಿಸುವುದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂಬ ಸರಪಳಿಯಿಂದ. ಇದೇ ಕ್ರಮದಲ್ಲಿ ಸೂಚಿ ಕಟ್ಟಿದರೆ ಜಿಲ್ಲೆಯಿಂದ ಆರಂಭಿಸಿ ಎಲ್ಲಿಯವರೆಗೆ ಹೇಳಿದರೂ ಅದು ನೆರವಾಗುತ್ತದೆ. ಮೊದಲ ಕೊಂಡಿಗಳನ್ನು ಬಿಟ್ಟು ಬರಿಯ ಹಿಸ್ಸಾ ಹೇಳಿದರೆ ಸೂಚಿ ಮೌನವಾಗುತ್ತದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಈ ಸಮಸ್ಯೆಯನ್ನು ಕಂಪ್ಯೂಟರಿಗಿಂತ ಮೊದಲೇ ಸ್ಪಷ್ಟವಾಗಿ ಕಂಡಿದ್ದರು. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎಂಬುದು. ಪುಸ್ತಕ ಕಪಾಟಿನಲ್ಲಿ ಒಂದೇ ಕಡೆ ನಿಲ್ಲಬಲ್ಲದು. ಲೇಖಕ, ವಿಷಯ, ಮಾಲೆ ಎಂಬ ಬೇರೆ ಬೇರೆ ಕಡೆಗಳಿಂದ ಬರುವವರಿಗೆ ಬೇರೆ ಬೇರೆ ಕಾರ್ಡುಗಳು ದಾರಿ ತೋರಬೇಕು. ವಿಷಯವನ್ನು ಒಂದೇ ಏಣಿಯ ಮೆಟ್ಟಿಲುಗಳಾಗಿ ನೋಡದೆ ಸ್ವತಂತ್ರ ಮುಖಗಳಾಗಿ ಬಿಡಿಸಿ, ಬೇಕಾದಾಗ ಜೋಡಿಸಬೇಕು ಎಂಬ ಅವರ ದ್ವಿಬಿಂದು ವರ್ಗೀಕರಣ 1933ರಲ್ಲಿ ಬಂತು. ಅವರೇ ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಡೇಟಾಬೇಸ್ ಓದುವ ನಮ್ಮ ವಿದ್ಯಾರ್ಥಿಗಳಿಗೆ ರಂಗನಾಥನ್ ಅವರನ್ನು ಓದಿಸುವ ಪರಿಪಾಠ ಇಲ್ಲದಿರುವುದು ದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ.

ಹಾಗಿದ್ದರೆ ಎಲ್ಲ ಪ್ರಶ್ನೆಗೂ ಒಂದೊಂದು ಸೂಚಿ ಕಟ್ಟಿಬಿಡೋಣ ಎನ್ನಬಹುದು. ಪ್ರತಿ ಸೂಚಿಗೂ ಬೆಲೆ ತೆರಬೇಕು. ಒಂದು ದಾಖಲೆ ಸೇರಿದಾಗ ಎಲ್ಲ ಸೂಚಿಗಳನ್ನೂ ತಿದ್ದಬೇಕು. ಓದುವವನ ಹೊತ್ತು ಉಳಿಸಿದ್ದು ಬರೆಯುವವನ ಹೊತ್ತಿನಿಂದ. ಬರವಣಿಗೆಯೇ ಹೆಚ್ಚಿರುವ ಕಡೆ ಬಿ-ಟ್ರೀಯೂ ಭಾರವಾಗುತ್ತದೆ. 1996ರಲ್ಲಿ ಪ್ಯಾಟ್ರಿಕ್ ಓನೀಲ್ ಮತ್ತು ಸಂಗಡಿಗರು ವಿವರಿಸಿದ ಎಲ್‌ಎಸ್‌ಎಂ-ಟ್ರೀ ಇದಕ್ಕೆ ಬೇರೆ ಹಾದಿ ಹಿಡಿಯಿತು: ಹೊಸ ನಮೂದುಗಳನ್ನು ಮೊದಲು ಮೆಮೊರಿಯಲ್ಲಿ ಕೂಡಿಸಿ, ತಂಡತಂಡವಾಗಿ ಡಿಸ್ಕಿಗೆ ಇಳಿಸಿ, ಆಮೇಲೆ ಸಾವಕಾಶವಾಗಿ ಬೆರೆಸುವುದು. ಬರೆಯುವುದು ಹಗುರವಾಯಿತು, ಓದುವಾಗ ಹಲವು ತಂಡಗಳಲ್ಲಿ ಹುಡುಕಬೇಕಾಯಿತು. ಓದು, ಬರಹ, ಜಾಗ ಈ ಮೂರರಲ್ಲಿ ಎರಡನ್ನು ಉಳಿಸಹೊರಟರೆ ಮೂರನೆಯದು ದುಬಾರಿಯಾಗುತ್ತದೆ ಎಂಬ ಊಹಾಸೂತ್ರವನ್ನೂ ಸಂಶೋಧಕರು ಮುಂದಿಟ್ಟಿದ್ದಾರೆ. ಇನ್ನು ರಾಜ್ಯದಲ್ಲಿ ಯಾವ ಬೆಳೆ ಎಷ್ಟು ಎಕರೆ ಎಂದು ಕೂಡಿಸುವ ಪ್ರಶ್ನೆ ಬಂದಾಗ ಸೂಚಿಯಿಂದಲೂ ಹೆಚ್ಚು ಪ್ರಯೋಜನವಿಲ್ಲ, ಯಾಕೆಂದರೆ ಎಲ್ಲ ದಾಖಲೆಗಳೂ ಬೇಕು. ಅಲ್ಲಿ ಒಂದೊಂದು ಪಹಣಿಯನ್ನು ಇಡಿಯಾಗಿ ಇಡುವುದಕ್ಕಿಂತ ಬೆಳೆಯ ಕಾಲಂ ಒಂದೆಡೆ, ವಿಸ್ತೀರ್ಣದ ಕಾಲಂ ಇನ್ನೊಂದೆಡೆ ಇಡುವುದು ಮೇಲು. ಬೇಕಾದ ಎರಡು ಕಾಲಂ ಓದಿದರೆ ಸಾಕು; ಒಂದೇ ಬಗೆಯ ಬೆಲೆಗಳು ಒತ್ತಾಗಿ ಇರುವುದರಿಂದ ಅವುಗಳನ್ನು ಕುಗ್ಗಿಸುವುದೂ ಸುಲಭ. ಆ್ಯಮ್‌ಸ್ಟರ್‌ಡಾಮಿನ ಮೊನೆಟ್‌ಡಿಬಿ, 2005ರಲ್ಲಿ ಪ್ರಕಟವಾದ ಸಿ-ಸ್ಟೋರ್ ಈ ದಾರಿಯವು.

ಇಷ್ಟು ಹೇಳಿದ್ದರಿಂದ ಒಂದು ಮಾತು ಸ್ಪಷ್ಟ. ಎಲ್ಲರಿಗೂ ಎಲ್ಲ ಕಾಲಕ್ಕೂ ಒಪ್ಪುವ ಜೋಡಣೆ ಇಲ್ಲ. ಪ್ರಶ್ನೆ ಬದಲಾದರೆ ಜೋಡಣೆಯೂ ಬದಲಾಗಬೇಕು. ಜೋಡಣೆ ಬದಲಾದಾಗಲೆಲ್ಲ ಅದನ್ನು ನಂಬಿ ಬರೆದ ಪ್ರೋಗ್ರಾಮುಗಳೆಲ್ಲ ಮುರಿದುಬಿದ್ದರೆ ಯಾರೂ ಬದಲಿಸುವ ಧೈರ್ಯ ಮಾಡುವುದಿಲ್ಲ. 1960ರ ದಶಕದ ಸ್ಥಿತಿ ಅದೇ ಆಗಿತ್ತು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಚಾರ್ಲ್ಸ್ ಬಾಕ್‌ಮನ್ ಕಟ್ಟಿದ ಐಡಿಎಸ್ ವ್ಯವಸ್ಥೆಯಲ್ಲಿ ದಾಖಲೆಯಿಂದ ದಾಖಲೆಗೆ ಕೊಂಡಿಗಳಿದ್ದವು; ಪ್ರೋಗ್ರಾಂ ಬರೆಯುವವನು ಕೊಂಡಿ ಹಿಡಿದು ನಡೆಯಬೇಕಿತ್ತು. ಅಪೊಲೊ ಚಂದ್ರಯಾನದ ಬಿಡಿಭಾಗಗಳ ಪಟ್ಟಿ ನಿಭಾಯಿಸಲು ಐಬಿಎಂ ಕಟ್ಟಿದ ಐಎಂಎಸ್ ಮಾಹಿತಿಯನ್ನು ಮರದ ರೂಪದಲ್ಲಿ ಇಟ್ಟಿತು. ಈ ಘಟಕದ ಒಳಗೆ ಯಾವ ಯಾವ ಭಾಗಗಳಿವೆ ಎಂದು ಕೇಳುವುದು ಅಲ್ಲಿ ಸಲೀಸು. ಈ ಭಾಗ ಯಾವ ಯಾವ ಘಟಕಗಳಲ್ಲಿ ಬಳಕೆಯಾಗಿದೆ ಎಂದು ತಿರುಗಿಸಿ ಕೇಳಿದರೆ ಮರದ ಕೊಂಬೆಗಳನ್ನೆಲ್ಲ ಜಾಲಾಡಬೇಕು. ಇವು ಕಳಪೆ ವ್ಯವಸ್ಥೆಗಳಲ್ಲ. ಐಎಂಎಸ್ ಇಂದಿಗೂ ಬಳಕೆಯಲ್ಲಿದೆ, ಬಾಕ್‌ಮನ್ ಅವರಿಗೆ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಆದರೆ ಅವುಗಳಲ್ಲಿ ಇಟ್ಟ ಕ್ರಮವೇ ಕೇಳುವ ಭಾಷೆಯೂ ಆಗಿತ್ತು.

ಆ ಗಂಟನ್ನು ಬಿಡಿಸಿದ್ದು ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್. 1970ರ ಜೂನ್ ತಿಂಗಳಲ್ಲಿ ಪ್ರಕಟವಾದ ಅವರ ಪ್ರಬಂಧ, ಮಾಹಿತಿ ಯಂತ್ರದೊಳಗೆ ಹೇಗೆ ಜೋಡಣೆಯಾಗಿದೆ ಎಂದು ತಿಳಿದಿರಬೇಕಾದ ಹೊರೆಯಿಂದ ಬಳಕೆದಾರರನ್ನು ಕಾಪಾಡಬೇಕು ಎಂಬ ಆಶಯದಿಂದಲೇ ಆರಂಭವಾಗುತ್ತದೆ. ದಾಖಲೆಗಳು ಇರುವ ಕ್ರಮ, ಸೂಚಿಗಳ ಇರುವಿಕೆ, ತಲುಪುವ ದಾರಿ ಈ ಮೂರಕ್ಕೆ ಪ್ರೋಗ್ರಾಮುಗಳು ಕಟ್ಟುಬಿದ್ದಿವೆ ಎಂದು ಅವರು ಗುರುತಿಸಿದರು. ಮಾಹಿತಿಯನ್ನು ಸಂಬಂಧಗಳಾಗಿ, ಅಂದರೆ ಸಾಲು-ಕಾಲಂಗಳ ಕೋಷ್ಟಕಗಳಾಗಿ ಕಾಣಬೇಕು. ಸಾಲುಗಳ ನಡುವಿನ ನಂಟು ಕೊಂಡಿಯಿಂದ ಅಲ್ಲ, ಅವುಗಳೊಳಗಿನ ಬೆಲೆಗಳಿಂದಲೇ ತಿಳಿಯಬೇಕು ಎಂದರು. ನಮ್ಮ ಪಹಣಿಯಲ್ಲಿ ಇದನ್ನು ಪರೀಕ್ಷಿಸಬಹುದು. ಒಂದು ಜಮೀನಿಗೆ ನಾಲ್ವರು ಜಂಟಿ ಖಾತೆದಾರರು ಇರಬಹುದು, ಒಬ್ಬ ಖಾತೆದಾರನಿಗೆ ಹತ್ತು ಕಡೆ ಜಮೀನಿರಬಹುದು. ನಾಲ್ಕೂ ಹೆಸರುಗಳನ್ನು ಒಂದೇ ಮನೆಯಲ್ಲಿ ಒತ್ತಿ ಬರೆದರೆ ಅವರಲ್ಲಿ ಒಬ್ಬರನ್ನು ಹಿಡಿದು ಪ್ರಶ್ನೆ ಕೇಳುವ ದಾರಿ ಮುಚ್ಚುತ್ತದೆ. ಜಮೀನಿಗೆ ಒಂದು ಕೋಷ್ಟಕ, ವ್ಯಕ್ತಿಗೆ ಒಂದು, ಯಾರಿಗೆ ಎಲ್ಲಿ ಎಷ್ಟು ಹಕ್ಕು ಎಂಬುದಕ್ಕೆ ಮೂರನೆಯದು ಎಂದು ಬಿಡಿಸಿದರೆ ಎರಡೂ ಕಡೆಯಿಂದ ಕೇಳಬಹುದು. ಒಂದು ಸಂಗತಿಗೆ ಒಂದೇ ನೆಲೆ. ತಿದ್ದುವಾಗ ಒಂದೇ ಕಡೆ ತಿದ್ದಿದರಾಯಿತು. ಇದು ಜಾಗ ಉಳಿಸುವ ಉಪಾಯವೆಂದು ಪಠ್ಯಪುಸ್ತಕಗಳು ಕೆಲವೊಮ್ಮೆ ಹೇಳುತ್ತವೆ, ಅದು ತಪ್ಪು ಒತ್ತು. ಒಂದೇ ಸಂಗತಿ ಎರಡು ಕಡೆ ಎರಡು ರೀತಿ ಇದ್ದರೆ ಸತ್ಯ ಯಾವುದೆಂದು ಯಂತ್ರ ಹೇಳಲಾರದು, ಕಾಪಾಡಬೇಕಾದದ್ದು ಅದನ್ನು. ಆದರೆ ಹತ್ತು ವರ್ಷದ ಹಿಂದಿನ ಕ್ರಯಪತ್ರದಲ್ಲಿರುವ ಹೆಸರು ಇಂದಿನ ಹೆಸರಿನ ನಕಲಲ್ಲ, ಅದು ಅಂದಿನ ಸಂಗತಿ. ಅದನ್ನು ಪುನರಾವರ್ತನೆ ಎಂದು ಅಳಿಸಿದರೆ ದಾಖಲೆಯನ್ನೇ ಕೆಡಿಸಿದಂತೆ.

ಇಂಥ ಕೋಷ್ಟಕಗಳನ್ನು ಪ್ರಶ್ನೆ ಬಂದಾಗಲೆಲ್ಲ ಜೋಡಿಸುತ್ತ ಕೂತರೆ ಯಂತ್ರ ನಿಧಾನವಾಗುವುದಿಲ್ಲವೆ ಎಂಬ ಆಕ್ಷೇಪ ಅಂದೇ ಬಂದಿತ್ತು. ಅದು ನ್ಯಾಯವಾದ ಆಕ್ಷೇಪ. ಉತ್ತರ ವಾದದಿಂದ ಬರಲಿಲ್ಲ, ಕಟ್ಟಿ ತೋರಿಸಿದ್ದರಿಂದ ಬಂತು: ಐಬಿಎಂನ ಸಿಸ್ಟಂ ಆರ್, ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜಿನ್ ವಾಂಗ್ ಅವರ ಇಂಗ್ರೆಸ್. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮಂಡಿಸಿದ ಭಾಷೆಯೇ ಇಂದಿನ ಎಸ್‌ಕ್ಯುಎಲ್. ಅದರಲ್ಲಿ ಏನು ಬೇಕು ಎಂದಷ್ಟೇ ಹೇಳುತ್ತೇವೆ. ಯಾವ ಸೂಚಿ ಹಿಡಿಯಬೇಕು, ಯಾವ ಕೋಷ್ಟಕವನ್ನು ಮೊದಲು ತೆರೆಯಬೇಕು ಎಂದು ನಿರ್ಧರಿಸುವುದು ಆಪ್ಟಿಮೈಸರ್. ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರ 1979ರ ಪ್ರಬಂಧ ಇದಕ್ಕೆ ಅಡಿಪಾಯ. ಸಾಧ್ಯವಿರುವ ದಾರಿಗಳ ಖರ್ಚನ್ನು ಅಂದಾಜು ಮಾಡಿ ಅಗ್ಗದ್ದನ್ನು ಆರಿಸುವುದು ಅದರ ರೀತಿ. ಈ ಅಂದಾಜು ತಪ್ಪಬಹುದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಜಮೀನುಗಳಲ್ಲಿ ನೂರಕ್ಕೆ ಮೂರು ಕೊಡಗಿನವು, ನೂರಕ್ಕೆ ಮೂರು ಕಾಫಿಯವು ಎಂದು ಕಲ್ಪಿಸಿಕೊಳ್ಳಿ. ಎರಡೂ ಪರಸ್ಪರ ಸಂಬಂಧವಿಲ್ಲದ ಸಂಗತಿಗಳೆಂದು ನಂಬಿದ ಆಪ್ಟಿಮೈಸರ್ ಗುಣಿಸಿ, ಕೊಡಗಿನ ಕಾಫಿ ಜಮೀನು ಹತ್ತು ಸಾವಿರಕ್ಕೆ ಒಂಬತ್ತು ಎನ್ನುತ್ತದೆ. ಕಾಫಿಗೂ ಕೊಡಗಿಗೂ ಇರುವ ನಂಟು ಅದಕ್ಕೆ ತಿಳಿಯದು. ನಿಜಸಂಖ್ಯೆ ಅದರ ಹಲವು ಪಟ್ಟು ಇರಬಹುದು, ಆರಿಸಿದ ದಾರಿ ತಪ್ಪಬಹುದು. ಹಲವು ಕೋಷ್ಟಕಗಳು ಸೇರಿದಂತೆ ಇಂಥ ತಪ್ಪು ಬೆಳೆಯುತ್ತದೆ ಎಂದು ಈಚಿನ ಅಧ್ಯಯನಗಳೂ ತೋರಿಸಿವೆ. ಆದರೆ ತಪ್ಪಿದಾಗ ಏನಾಗುತ್ತದೆ ನೋಡಿ: ಉತ್ತರ ತಡವಾಗುತ್ತದೆ, ಸುಳ್ಳಾಗುವುದಿಲ್ಲ. ಪರಿಹಾರವನ್ನೂ ಒಳಗಡೆಯೇ ಮಾಡಬಹುದು. ಪೋಸ್ಟ್‌ಗ್ರೆಸ್ 2017ರಲ್ಲಿ ಬಂದ ತನ್ನ ಹತ್ತನೆಯ ಆವೃತ್ತಿಯಿಂದ ಕಾಲಂಗಳ ನಡುವಿನ ನಂಟಿನ ಅಂಕಿಅಂಶ ಇಡಲು ಅವಕಾಶ ಕೊಟ್ಟಿತು. ಅದನ್ನು ಬಳಸಲು ಯಾರೂ ತಮ್ಮ ಪ್ರಶ್ನೆಯ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ಅರ್ಥವನ್ನೂ ಜೋಡಣೆಯನ್ನೂ ಬಿಡಿಸಿಟ್ಟದ್ದರ ಫಲ ಇದು.

ಟ್ರಾನ್ಸಾಕ್ಷನ್‌ಗಳ ವಿಷಯದಲ್ಲಿ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಜಮೀನು ಮಾರಾಟವಾದಾಗ ಒಬ್ಬರ ಹೆಸರಿನಿಂದ ಕಳೆದು ಇನ್ನೊಬ್ಬರ ಹೆಸರಿಗೆ ಸೇರಿಸಬೇಕು. ನಡುವೆ ಕರೆಂಟು ಹೋದರೆ ಜಮೀನು ಇಬ್ಬರದೂ ಅಲ್ಲದ ಸ್ಥಿತಿ ಬರಬಾರದು. ಜಿಮ್ ಗ್ರೇ ಬೆಳೆಸಿದ ಸಿದ್ಧಾಂತವೂ, ಮದ್ರಾಸ್ ಐಐಟಿಯಲ್ಲಿ ಓದಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ವಿಧಾನವೂ ಇದನ್ನು ಕಾಯುತ್ತವೆ. ಬದಲಾವಣೆ ಮಾಡುವ ಮೊದಲು ಅದನ್ನು ಲಾಗ್‌ನಲ್ಲಿ ಬರೆಯಬೇಕು ಎಂಬುದು ಅಲ್ಲಿನ ನಿಯಮ. ಲಾಗ್‌ನ ಕ್ರಮ ಬಂದದ್ದನ್ನು ಬಂದ ಹಾಗೆ ಬರೆಯುವ ಕ್ರಮ, ಏಕೆಂದರೆ ಅದು ಉತ್ತರಿಸಬೇಕಾದ ಪ್ರಶ್ನೆ ‘ಕೊನೆಗೆ ನಡೆದದ್ದೇನು’ ಎಂಬುದೊಂದೇ.

ಈಗ ಈ ಕಾಲದ ಆಕ್ಷೇಪಗಳಿಗೆ ಬರೋಣ. ಡಿಸ್ಕಿನ ತಟ್ಟೆ ಸುತ್ತುವ ಕಾಲ ಮುಗಿಯಿತು, ಎಸ್‌ಎಸ್‌ಡಿ ಬಂದಿದೆ, ಮೆಮೊರಿ ಅಗ್ಗವಾಗಿದೆ, ಇನ್ನೂ ಕ್ರಮದ ಚಿಂತೆ ಯಾಕೆ ಎಂಬುದು ಒಂದು. ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ ನೂರು ಮೈಕ್ರೋಸೆಕೆಂಡಿನ ಆಸುಪಾಸು ಹಿಡಿಯುತ್ತದೆ, ಮೆಮೊರಿಯಲ್ಲಿ ಅದರ ಸಾವಿರದ ಒಂದು ಪಾಲು. ಅಂತರ ಜಾಗ ಬದಲಿಸಿದೆ, ಮಾಯವಾಗಿಲ್ಲ. ಮೆಮೊರಿಗೂ ಪ್ರೊಸೆಸರಿನ ಕ್ಯಾಶ್‌ಗೂ ನಡುವೆ ಮತ್ತೆ ಅದೇ ಕಥೆ. ಸಂಗ್ರಹವೂ ಯಂತ್ರದ ಜೊತೆಗೇ ಬೆಳೆಯುತ್ತದೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ಗೌರವ ಸಲ್ಲಬೇಕು. ಗೂಗಲ್‌ನ ಬಿಗ್‌ಟೇಬಲ್ 2006ರಲ್ಲೂ ಅಮೆಜಾನ್‌ನ ಡೈನಮೊ 2007ರಲ್ಲೂ ಪ್ರಬಂಧ ರೂಪದಲ್ಲಿ ಬಂದಾಗ, ಸಾವಿರಾರು ಯಂತ್ರಗಳ ಮೇಲೆ ಹರಡಿದ ಸಂಗ್ರಹಕ್ಕೆ ಸಂಬಂಧಗಳ ಮಾದರಿ ಒಗ್ಗದು ಎಂಬ ನಂಬಿಕೆ ಬಲವಾಯಿತು. ಜಾಲ ತುಂಡಾದಾಗ ಎಲ್ಲೆಡೆ ಒಂದೇ ಉತ್ತರ ಸಿಗಬೇಕೋ, ಯಾವಾಗಲೂ ಏನಾದರೂ ಉತ್ತರ ಸಿಗಬೇಕೋ ಎಂದು ಆರಿಸಿಕೊಳ್ಳಲೇಬೇಕು. ಎರಿಕ್ ಬ್ರೂವರ್ 2000ದಲ್ಲಿ ಹೇಳಿದ ಈ ಮಾತನ್ನು ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಸಾಧಿಸಿ ತೋರಿಸಿದರು. ಇದನ್ನು ಯಾವ ವಾದವೂ ಅಳಿಸಲಾರದು. ಅಂಗಡಿಯ ಬುಟ್ಟಿಗೆ ಎಂದೂ ಬಾಗಿಲು ಮುಚ್ಚಬಾರದು ಎಂದು ಡೈನಮೊ ಆರಿಸಿಕೊಂಡದ್ದು ಆ ಕೆಲಸಕ್ಕೆ ಸರಿ. ಆದರೆ ಪ್ರಶ್ನೆಯನ್ನು ಮೊದಲೇ ನಿಗದಿ ಮಾಡಿ ಅದಕ್ಕೆ ತಕ್ಕಂತೆ ಮಾಹಿತಿಯನ್ನು ಅಚ್ಚೊತ್ತಿಬಿಟ್ಟರೆ, ಹೊಸ ಪ್ರಶ್ನೆ ಬಂದ ದಿನ 1960ರ ದಶಕಕ್ಕೆ ಹಿಂದಿರುಗಿದಂತೆಯೇ. ಗೂಗಲ್ ತಾನೇ 2012ರಲ್ಲಿ ಸ್ಪ್ಯಾನರ್ ಎಂಬ ವ್ಯವಸ್ಥೆಯನ್ನು ವಿವರಿಸಿ, ಹಲವು ಖಂಡಗಳ ಮೇಲೆ ಹರಡಿದ ಸಂಗ್ರಹಕ್ಕೆ ಟ್ರಾನ್ಸಾಕ್ಷನ್‌ಗಳನ್ನು ಮರಳಿ ತಂದಿತು. 2017ರ ಪ್ರಬಂಧ ಅದು ಪೂರ್ಣ ಎಸ್‌ಕ್ಯುಎಲ್ ವ್ಯವಸ್ಥೆಯಾಗಿ ಬೆಳೆದ ಬಗೆಯನ್ನು ಹೇಳುತ್ತದೆ. ಪ್ರತಿ ತಂಡವೂ ತನ್ನ ಪ್ರೋಗ್ರಾಮಿನಲ್ಲಿ ಸುಸಂಗತಿಯನ್ನು ಕೈಯಾರೆ ಕಾಯುವುದು ಎಷ್ಟು ದುಬಾರಿ ಎಂಬ ಅನುಭವ ಇದರ ಹಿಂದಿದೆ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ರಾಶಿಯಿಂದಲೇ ಹುಡುಕಿಕೊಡುತ್ತದೆ, ಅಚ್ಚುಕಟ್ಟಿನ ಕೋಷ್ಟಕ ಯಾಕೆ ಎಂಬುದು ಮೂರನೆಯದು. ಅರ್ಥದ ಹೋಲಿಕೆಯಿಂದ ಹುಡುಕುವ ವ್ಯವಸ್ಥೆಗಳ ಕೆಳಗೂ ಸೂಚಿಗಳೇ ಇವೆ. ದೊಡ್ಡ ಸಂಗ್ರಹಗಳಲ್ಲಿ ಅವು ಹೆಚ್ಚಾಗಿ ಹತ್ತಿರದ್ದನ್ನು ಅಂದಾಜಿನಲ್ಲಿ ಕೊಡುವಂಥವು. ಲೇಖನ ಹುಡುಕಲು, ಚಿತ್ರ ಹುಡುಕಲು ಅದು ಬಹಳ ಉಪಯುಕ್ತ. ಹಕ್ಕಿನ ಪ್ರಶ್ನೆಗೆ ಮಾತ್ರ ಹತ್ತಿರದ ಉತ್ತರ ಸಾಲದು. ಪಕ್ಕದ ಹಿಸ್ಸಾದ ಪಹಣಿ ಎಷ್ಟೇ ಹೋಲಿದರೂ ಅದು ಬೇರೆಯವರ ಜಮೀನು.

ಕೊನೆಯದಾಗಿ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ ಮಾತು. ಸೂಚಿ ಎಂದರೆ ಕ್ರಮ ಎಂದಾದರೆ, ಅಕ್ಷರಗಳ ಕ್ರಮ ಯಾವುದೆಂದು ಯಂತ್ರಕ್ಕೆ ಹೇಳಬೇಕು. ಯೂನಿಕೋಡ್ ಸಂಕೇತಗಳಲ್ಲಿ ಳ ಅಕ್ಷರ ಲ ಆದ ಕೂಡಲೇ, ವ ಅಕ್ಷರಕ್ಕಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹ ಆದ ಮೇಲೆ. ಸಂಕೇತದ ಬೆಲೆ ನೋಡಿ ಜೋಡಿಸಿದರೆ ಕಳಸ, ಕವಿತೆ, ಕಹಿ ಎಂದಾಗುತ್ತದೆ. ನಿಘಂಟಿನ ಕ್ರಮ ಕವಿತೆ, ಕಹಿ, ಕಳಸ. ಕೋ ಎಂಬ ಒಂದೇ ಅಕ್ಷರವನ್ನು ಒಂದು ಸ್ವರಚಿಹ್ನೆಯಿಂದಲೂ, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದಾದ ಹೆಸರು ಯಂತ್ರಕ್ಕೆ ಎರಡಾಗುತ್ತದೆ. ಸಿದ್ದಪ್ಪ, ಸಿದ್ಧಪ್ಪ ಎಂಬ ಕಾಗುಣಿತದ ಭೇದ ಇದರ ಮೇಲೆ ಬೇರೆ. ಹೆಸರನ್ನೇ ಗುರುತಾಗಿ ನೆಚ್ಚಿದ ಸಂಗ್ರಹದಲ್ಲಿ ಇಂಥ ಮನುಷ್ಯನ ದಾಖಲೆ ಇದ್ದೂ ಸಿಗುವುದಿಲ್ಲ. ಪರಿಹಾರ ಕಷ್ಟವಲ್ಲ: ಒಳಬರುವ ಪಠ್ಯವನ್ನು ಒಂದೇ ರೂಪಕ್ಕೆ ತರುವ ವಿಧಾನ ಯೂನಿಕೋಡ್‌ನಲ್ಲೇ ಇದೆ, ಭಾಷೆಗೆ ತಕ್ಕ ವಿಂಗಡಣೆಯ ನಿಯಮಗಳೂ ಇವೆ. ಅವನ್ನು ಸಂಗ್ರಹ ಕಟ್ಟುವ ದಿನವೇ ಆರಿಸಿಕೊಳ್ಳಬೇಕು. ಆಮೇಲೆ ಬದಲಿಸಿದರೆ ಪಠ್ಯದ ಸೂಚಿಗಳನ್ನೆಲ್ಲ ಹೊಸದಾಗಿ ಕಟ್ಟಬೇಕಾಗುತ್ತದೆ. ಇಲಾಖೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಗ್ರಂಥಾಲಯಗಳಲ್ಲಿ ಕನ್ನಡದ ಸಂಗ್ರಹ ಕಟ್ಟಿಸುವ ಹೊಣೆ ಹೊತ್ತವರಲ್ಲಿ ನನ್ನ ವಿನಂತಿ ಇದು: ಟೆಂಡರ್ ಕರೆಯುವ ಮೊದಲು ಒಂದೊಂದು ದಾಖಲೆಯ ಅರ್ಥ ಏನು, ಅದರ ಗುರುತು ಯಾವುದು ಎಂದು ಕನ್ನಡದಲ್ಲೇ ಬರೆದಿಡಿ, ಕನ್ನಡದ ವಿಂಗಡಣೆ ಮತ್ತು ಏಕರೂಪದ ಪಠ್ಯವನ್ನು ಒಪ್ಪಂದದ ಷರತ್ತಾಗಿ ಸೇರಿಸಿ, ಕೆಲಸ ಒಪ್ಪಿಕೊಳ್ಳುವ ದಿನ ಆ ಷರತ್ತನ್ನು ಪರೀಕ್ಷಿಸಿ ನೋಡಿ.